ತೊಂಬತ್ತಮೂರಕ್ಕೆ ನಿಂತ ವಿಡಿಯೊ

ಮಾರ್ಚ್ ೨೭, ಗುರುವಾರ. ಬ್ರ್ಯಾಂಡನ್ ಪಟ್ಟಣ.

ತೊಂಬತ್ತಮೂರು ಪರ್ಸೆಂಟ್! ಈ ಜನ್ಮದಲ್ಲಿ ಇನ್ನು ಆ ಸಂಖ್ಯೆಯ ಮುಖ ನೋಡಲಾರೆ. ಬೆಳಗಿನಿಂದ ಏಳು ಸಲ, ಎಡಿಟ್ ಮುಗಿಸಿದ ವಿಡಿಯೊವನ್ನು ಒಂದೇ ಫೈಲ್ ಮಾಡಲು ಎಕ್ಸ್‌ಪೋರ್ಟ್‌ಗೆ ಹಾಕಿದೆ, ಏಳು ಸಲವೂ ಸಾಫ್ಟ್‌ವೇರ್ ಅಲ್ಲಿಗೇ ಬಂದು ಸತ್ತಿತು. ನಾಳೆ ಮಧ್ಯಾಹ್ನ ಐಸ್ ಹಾಕಿ ಕ್ಲಬ್ಬಿನ ಊಟ. ಮೂವತ್ತೊಂದು ವರ್ಷ ಆಟದಂಗಳದ ಮಂಜುಗಡ್ಡೆ ನಯ ಮಾಡಿದ ವಿಲ್ಫ್ ಮುದುಕನ ಬೀಳ್ಕೊಡುಗೆ. ಅವನಿಗೆ ಕೊಡಲು ಕ್ಲಬ್ಬಿನ ಬಳಿ ಇರುವುದು ಈ ಹನ್ನೆರಡು ನಿಮಿಷದ ವಿಡಿಯೊ ಒಂದೇ.

ನಮ್ಮ ಸ್ಟುಡಿಯೊ ಮಾಲೀಕ ಲಾರ್ನ್ ಫೋನಿನಲ್ಲೇ ಉಪದೇಶ ಮಾಡಿದ: "ಆಫ್ ಮಾಡಿ ಆನ್ ಮಾಡಮ್ಮ ಡಾರ್ಲಾ, ಎಲ್ಲಾ ಸರಿಹೋಗತ್ತೆ."

ಮಾಡಿದೆ ಮಹಾರಾಯ. ಸಾಫ್ಟ್‌ವೇರನ್ನೇ ಕಿತ್ತು ಮತ್ತೆ ಹಾಕಿದೆ. ಊಟಕ್ಕೆ ತಂದ ಪಿರೋಗಿ ಕಡುಬು ತಣ್ಣಗಾಗಿ ಚರ್ಮದಂತಾಯಿತು.

ಕೊನೆಗೆ ವಿಡಿಯೊವನ್ನು ಅರ್ಧ ಮಾಡಿ, ಕೆಟ್ಟ ಅರ್ಧವನ್ನು ಮತ್ತೆ ಅರ್ಧ ಮಾಡಿ, ತಲೆಯಲ್ಲಿ ಹೇನು ಹುಡುಕಿದ ಹಾಗೆ ಹುಡುಕಿದೆ. ಸಿಕ್ಕಿತು. ಆರು ಸೆಕೆಂಡಿನ ಒಂದು ಮೊಬೈಲ್ ಕ್ಲಿಪ್, ಸಾಫ್ಟ್‌ವೇರಿಗೆ ಒಗ್ಗದ ಫಾರ್ಮ್ಯಾಟಿನದು. ಅದರಲ್ಲಿ ಲಾರ್ನ್, ವಿಲ್ಫ್‌ನ ಹೆಗಲ ಮೇಲೆ ಕೈಹಾಕಿಕೊಂಡು ಹಲ್ಲು ಕಿರಿಯುತ್ತಿದ್ದಾನೆ. "ಎಡಿಟ್ ಮುಗಿದು ವಿಡಿಯೊ ಲಾಕ್ ಆದಮೇಲೆ ಯಾರೂ ಮುಟ್ಟಬಾರದು" ಎಂದು ಗೋಡೆಗೆ ಚೀಟಿ ಅಂಟಿಸಿದವನೂ ಅವನೇ, ನಿನ್ನೆ ನಾನು ವಿಡಿಯೊ ಲಾಕ್ ಮಾಡಿ ಮನೆಗೆ ಹೋದಮೇಲೆ ಕಳ್ಳನಂತೆ ಇದನ್ನು ಒಳಗೆ ತುರುಕಿದವನೂ ಅವನೇ!

ಕಿತ್ತೆಸೆದೆ. ಒಂದೇ ಉಸಿರಿಗೆ ನೂರು ಮುಟ್ಟಿತು.

ಈಗ ತಾನೇ ಫೋನು. "ಆಯ್ತೇನಮ್ಮ? ನಂದೂ ಒಂದು ಚಿಕ್ಕ ಕ್ಲಿಪ್ ಹಾಕಿದ್ದೆ, ಚೆನ್ನಾಗಿ ಬಂತಾ?"

"ನಾಳೆ ಎಲ್ಲರ ಜೊತೆ ಕೂತು ನೀವೇ ನೋಡ್ತೀರಲ್ಲ," ಅಂದೆ.

ಆ ಕ್ಲಿಪ್ಪಿನ ಫಾರ್ಮ್ಯಾಟ್ ಬದಲಿಸಿ ಮತ್ತೆ ಸೇರಿಸಬಹುದು. ಎರಡು ನಿಮಿಷದ ಕೆಲಸ. ನನಗೆ ನಿದ್ದೆ ಬರುತ್ತಿದೆ.