ಹಗ್ಗದ ಯಂತ್ರ ಯಾರಿಗೆ

೧೪ ಫೆಬ್ರುವರಿ ೧೯೫೪, ರವಿವಾರ. ಚಂದಾಪುರ

ತಲೆ ಚಿಟ್ಟು ಹಿಡಿದಿದೆ. ಕಾಲಿನಿಂದ ತುಳಿಯುವ ಹೊಸ ಯಂತ್ರ ಬಂದು ತಿಂಗಳಾಯಿತು. ಮಂಚದ ಕಾಲು ಕಡೆಯುವ, ಇನ್ನೊಬ್ಬರು ಎಳೆದು ತಿರುಗಿಸಬೇಕಾದ ಹಳೆಯ ಹಗ್ಗದ ಯಂತ್ರ ಇನ್ನೂ ಅಂಗಳದಲ್ಲೇ ಬಿದ್ದಿದೆ. ಅಪ್ಪ ಬಳಸಿದ್ದು, ಕೊಡಲು ನನಗೆ ಮನಸ್ಸಿಲ್ಲ. "ಅದನ್ನ ಮಾರಿಬಿಡ್ರಿ, ಕಣ್ಣಿಗಿ ಕಾಣಬಾರ್ದು" ಎಂದು ಹೆಂಡತಿ ರತ್ನಾಬಾಯಿಯ ದಿನನಿತ್ಯದ ಕಾಟ. ಕೊನೆಗೆ ಇವತ್ತು ಐನಾಪುರದ ಬಡಿಗ ಶಹಾಬುದ್ದೀನನನ್ನು ಕರೆಸಿದೆ.

ಅವನಿಗೆ ಯಂತ್ರ ಹಿಡಿಸಿತು. ಅಷ್ಟರಲ್ಲಿ ಇವಳು ಕೇಳಿದಳು, "ಹಗ್ಗ ಯಾರು ಎಳೀತಾರ?"

"ನಮ್ಮ ಮನಿಯಾಕಿ ಅದಾಳಲ್ರಿ, ಅಕ್ಕಾ."

"ಹಂಗಾದ್ರ ಕೊಡಂಗಿಲ್ಲ."

ಅವನು ಹೋದ ಮೇಲೆ ರೇಗಿದೆ. "ಮಾರು ಅಂದಾಕಿ ನೀನೇ ಅಲ್ಲೇನು?"

ಹನ್ನೆರಡು ವರ್ಷ ಆ ಹಗ್ಗ ಎಳೆದವಳು ಬಲಗೈ ಎತ್ತಿ ತೋರಿಸಿದಳು. ಭುಜದ ಮಟ್ಟಕ್ಕೆ ನಿಂತುಬಿಟ್ಟಿತು. "ಇದಕ್ಕಿಂತ ಮ್ಯಾಲ ಏಳಂಗಿಲ್ಲರಿ. ನೀವು ಒಮ್ಮೆನೂ ಕೇಳಲಿಲ್ಲ."

ನಾಳೆ ಅದನ್ನು ಒಡೆದು ಒಲೆಗೆ ಹಾಕುತ್ತೇನೆ. ಅಪ್ಪನ ಕಾಲದಲ್ಲಿ ಎಳೆಯುತ್ತಿದ್ದವಳು ಅವ್ವ. ಅವಳನ್ನೂ ನಾವು ಯಾರೂ...