ಮಾದಕ್ಕನ ಮಗಳ ಕಲ್ಲು ಇನ್ನೂ ಮರಕ್ಕೆ ಒರಗಿದೆ

ಮಾನ್ಯರೇ,

ನಿಮ್ಮ ಕಡತದಲ್ಲಿ ಗುಣಮುಖಳಾಗಿರುವ ಒಬ್ಬ ಹೆಂಗಸಿನ ಬಗ್ಗೆ ಈ ಪತ್ರ. ಅವಳು ಗುಣವಾದದ್ದೇ ನನ್ನ ದೂರು. ಮನಸ್ಸಿನ ಕಾಯಿಲೆ ನೋಡುವ ಸಿಬ್ಬಂದಿಗೆ ತರಬೇತಿ ಕೊಟ್ಟು ಊರೂರಿಗೆ ಕಳಿಸುವವರು ನೀವಾದ್ದರಿಂದ ನಿಮಗೇ ಬರೆಯುತ್ತಿದ್ದೇನೆ. ತಮಿಳಿನಲ್ಲಿ ಎರಡು ಸಲ ಅರ್ಜಿ ಕೊಟ್ಟೆ. ಎರಡಕ್ಕೂ ಮೊಹರು ಬಿತ್ತು, ಉತ್ತರ ಬರಲಿಲ್ಲ. ಈಗ ನನ್ನ ಭಾಷೆಯಲ್ಲಿ, ನಾಲ್ಕು ಜನ ಓದುವ ಹಾಗೆ ಬರೆಯುತ್ತಿದ್ದೇನೆ. ನಿಮಗೆ ಕನ್ನಡ ಬಾರದಿದ್ದರೆ ಯಾರಿಂದಲಾದರೂ ಓದಿಸಿಕೊಳ್ಳಿ. ನಿಮ್ಮ ನಮೂನೆಗಳನ್ನು ನಾವು ಓದಿಸಿಕೊಳ್ಳುವುದೂ ಹಾಗೆಯೇ.

ನಾನು ತಮಿಳುನಾಡಿಗೆ ಸೇರಿದ ಗುಮ್ಮಳಾಪುರದ ಕಡೆಯ, ಕನ್ನಡ ಮಾತಾಡುವ ರೈತರ ಮನೆಯವಳು. ಮನೆಮನೆಗೆ ಹೋಗಿ ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ ಕೊಟ್ಟುಬರುವ ಕೆಲಸ ನನ್ನದು. ನನ್ನ ಪಾಲಿಗೆ ಬಂದಿರುವ ಊರುಗಳಲ್ಲಿ ಬೆಟ್ಟದಂಚಿನ, ಇರುಳರೆಂಬ ಬುಡಕಟ್ಟಿನವರ ದೊಡ್ಡಿಯೂ ಒಂದು. ಇಪ್ಪತ್ತೆರಡು ಮನೆ. ಅಲ್ಲಿ ಮಾದಕ್ಕ ಇದ್ದಾಳೆ. ಅವಳ ಒಬ್ಬಳೇ ಮಗಳು ಕೆಂಪಿ ಗುಲಾಬಿ ತೋಟದಲ್ಲಿ ಹೂ ಕೊಯ್ಯುವ ಕೆಲಸಕ್ಕೆ ಹೋಗುತ್ತಿದ್ದಳು. ಹೋದ ವರ್ಷ ಯುಗಾದಿ ಕಳೆದ ಮೇಲೆ ಕಾಮಾಲೆಯಾಗಿ ತೀರಿಕೊಂಡಳು.

ಆ ದೊಡ್ಡಿಯಲ್ಲಿ ಒಂದು ಪದ್ಧತಿಯಿದೆ. ಸತ್ತವರು ಒಮ್ಮೆಗೇ ಹೋಗುವುದಿಲ್ಲ, ಹಸಿದುಕೊಂಡು ಊರ ಹುಣಸೆ ಮರದ ಹತ್ತಿರವೇ ಇರುತ್ತಾರೆ ಎಂಬುದು ಅವರ ನಂಬಿಕೆ. ಹತ್ತಿರದವರೊಬ್ಬರು ದಿನಾ ಬೆಳಿಗ್ಗೆ ಅಲ್ಲಿಗೆ ಮುದ್ದೆ ಒಯ್ದಿಟ್ಟು, ಮಾತಾಡಿಸಿ ಬರಬೇಕು. ರಾಗಿ ಕೊಯ್ಲು ಮುಗಿದ ಮೇಲೆ ಹೊಳೆಯಿಂದ ಒಂದು ಕಲ್ಲು ತಂದು ಹಿರಿಯರ ಕಲ್ಲುಗಳ ಸಾಲಿನಲ್ಲಿ ಕೂರಿಸುತ್ತಾರೆ. ಕೂರಿಸುವ ಮುಂಚೆ ಊರ ಯಜಮಾನ, ಹೊಟ್ಟೆ ತುಂಬಿತಾ ಎಂದು ಕೇಳುತ್ತಾನೆ. ದಿನಾ ಉಣಿಸಿದವಳು ಸತ್ತವರ ಉತ್ತರ ಕೇಳಿಸಿಕೊಂಡು, ತುಂಬಿತಂತೆ ಎನ್ನಬೇಕು. ಬೇರೆ ಯಾರೂ ಹೇಳುವಂತಿಲ್ಲ. ಅಲ್ಲಿಗೆ ಮುದ್ದೆಯೂ ಮುಗಿಯಿತು, ಮಾತೂ ಮುಗಿಯಿತು. ಅವಳು ಮನೆಗೆ ಬಂದು ತಲೆಗೆ ನೀರು ಹಾಕಿಕೊಂಡು ಮಾರನೆಯ ದಿನ ಕೂಲಿಗೆ ಹೋಗುತ್ತಾಳೆ.

ಈ ನಡುವೆ ನಿಮ್ಮ ಕೌನ್ಸೆಲರ್ ಸುಷ್ಮಾ ಮೇಡಂ ಬಂದರು. ಕೆಟ್ಟವರಲ್ಲ. ಬಿಸಿಲಿನಲ್ಲಿ ಬೆಟ್ಟ ಹತ್ತಿ ಬಂದು ಮಾದಕ್ಕನ ಜಗಲಿಯ ಮೇಲೆ ಬರಿನೆಲದಲ್ಲೇ ಕೂತರು. ಹೊಸೂರಿನ ಹಾಲ್ ಒಂದರಲ್ಲಿ ನೀವು ಎರಡು ದಿನ ಕೊಟ್ಟ ತರಬೇತಿ ಅವರ ತಲೆಯಲ್ಲಿತ್ತು, ನೀವು ಕೊಟ್ಟ ನಮೂನೆ ಕೈಯಲ್ಲಿತ್ತು. ಅವರು ತಮಿಳಿನಲ್ಲಿ ಕೇಳಿದ್ದನ್ನು ನಾನು ಕನ್ನಡದಲ್ಲಿ ಹೇಳಿದೆ.

"ಮಗ್ಳ ದನಿ ಕೇಳಿಸ್ತದಾ ಅಂತ ಕೇಳ್ತಾವ್ರೆ ಮಾದಕ್ಕ."

"ಕೇಳ್ದೆ ಇರ್ತದಾ? ಈವತ್ತು ಉಪ್ಪು ಕಮ್ಮಿ ಅಂದ್ಲು," ಅಂದಳು ಮಾದಕ್ಕ.

ಮೇಡಂ ಒಂದು ಟಿಕ್ ಹಾಕಿ, ದಿನಾಲೂ ಹೀಗೆಯೇ ಎಂದು ನನ್ನನ್ನು ಕೇಳಿದರು. ಇಲ್ಲಿ ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಒಂದು ದಿನವೂ ತಪ್ಪಿಸಿಲ್ಲ ಮೇಡಂ, ಜ್ವರ ಬಂದರೂ ಹೋಗುತ್ತಾಳೆ ಎಂದೆ. ಹೊಗಳುವುದಕ್ಕೆಂದು ಹೇಳಿದ ಮಾತು ಅದು. ನಮ್ಮ ಕಡೆ ಒಬ್ಬ ಹೆಂಗಸಿನ ಬಗ್ಗೆ ಅದಕ್ಕಿಂತ ಒಳ್ಳೆಯ ಮಾತು ಹೇಳಲಾಗದು. ನಿಮ್ಮ ನಮೂನೆಯಲ್ಲಿ ಅದು 'ತೀವ್ರ' ಎಂಬ ಚೌಕದೊಳಗೆ ಬಿತ್ತು. ಇದು ಇವರ ರೂಢಿ, ಕೊಯ್ಲಾದ ಮೇಲೆ ತಾನಾಗಿ ನಿಲ್ಲುತ್ತದೆ ಎಂಬ ಮಾತು ನನ್ನ ನಾಲಿಗೆಯ ತುದಿಯಲ್ಲಿತ್ತು. ಓದಿದವರ ಮುಂದೆ ನಾನೇನು ಹೇಳುವುದು ಎಂದು ಅಳುಕಿದೆ. ಬೆಟ್ಟದವರ ಪರ ಮಾತಾಡಿದರೆ ನನ್ನನ್ನೂ ಮೂಢಳೆಂದುಕೊಂಡಾರು ಎಂಬ ನಾಚಿಕೆಯೂ ಇತ್ತು. 'ಇದು ನಿಮ್ಮಲ್ಲಿ ರೂಢಿಯೇ?' ಎಂಬ ಒಂದು ಪ್ರಶ್ನೆ ಆ ಹಾಳೆಯಲ್ಲಿ ಇದ್ದಿದ್ದರೆ ಬಾಯಿ ಬಿಡುತ್ತಿದ್ದೆ. ಮೂವತ್ತೊಂದು ಪ್ರಶ್ನೆಗಳ ನಡುವೆ ಅದೊಂದಕ್ಕೆ ಜಾಗ ಸಿಗಲಿಲ್ಲವೇ ಸ್ವಾಮಿ? ನಿಮ್ಮ ಶಿಬಿರಕ್ಕೆ ಬಂದ ಡಾಕ್ಟರು ಆ ಹಾಳೆ ನೋಡಿದರು, ಮಾತ್ರೆ ಬರೆದರು.

ಮಾತ್ರೆಯೇ ಬೇಡ ಎನ್ನುವವಳಲ್ಲ ನಾನು. ಮೂಕಂಡಪಲ್ಲಿಯಲ್ಲಿದ್ದು ಕಂಪನಿ ಕೆಲಸಕ್ಕೆ ಹೋಗುತ್ತಿದ್ದ ನನ್ನ ತಮ್ಮ ರಮೇಶ, ಯಾರೋ ಕೊಲ್ಲಲು ಬರುತ್ತಿದ್ದಾರೆಂದು ಹತ್ತು ದಿನ ಬಾಗಿಲು ಹಾಕಿಕೊಂಡು ಕೂತಿದ್ದ. ಇಂಥದೇ ಮಾತ್ರೆ ಅವನನ್ನು ಉಳಿಸಿತು. ಆದರೆ ಅವನು ಹೆದರಿ ನಡುಗುತ್ತಿದ್ದ. ಮಾದಕ್ಕ ಮಗಳಿಗೆ ಉಣಿಸುತ್ತಿದ್ದಳು. ಈ ವ್ಯತ್ಯಾಸ ನಮ್ಮೂರಲ್ಲಿ ಎಮ್ಮೆ ಕಾಯುವವರಿಗೂ ತಿಳಿಯುತ್ತದೆ. ನಿಮ್ಮ ಎರಡು ದಿನಗಳಲ್ಲಿ, ಉದ್ಘಾಟನೆ, ಊಟ, ಗ್ರೂಪ್ ಫೋಟೋ ಕಳೆದು ಉಳಿದ ಹೊತ್ತಿನಲ್ಲಿ, ಅದನ್ನು ಯಾರಾದರೂ ಹೇಳಿಕೊಟ್ಟರೇ?

ಮಾತ್ರೆ ಅವಳ ಕೈಗಿಟ್ಟವಳು ನಾನೇ. ಎರಡು ತಿಂಗಳಲ್ಲಿ ಮಾದಕ್ಕ ಮಧ್ಯಾಹ್ನದವರೆಗೂ ಮಲಗತೊಡಗಿದಳು. ಮುದ್ದೆ ಒಯ್ಯುವುದು ನಿಂತಿತು. ದನಿ ಕೇಳಿಸುತ್ತದೆಯೇ ಎಂದು ಮೇಡಂ ಮತ್ತೆ ಬಂದು ಕೇಳಿದಾಗ ಇಲ್ಲವೆಂದಳು. 'ಉತ್ತಮ ಸುಧಾರಣೆ' ಎಂದು ಬರೆದಾಯಿತು. ಆ ಸಾಲು ನಿಮ್ಮ ವಾರ್ಷಿಕ ವರದಿಯಲ್ಲಿ ಎಲ್ಲೋ ಕೂತಿರಬೇಕು.

ಕೊಯ್ಲು ಮುಗಿದು ಕಲ್ಲು ಕೂರಿಸುವ ದಿನ ಬಂತು. ನಾನೂ ಹೋಗಿದ್ದೆ. ಮಾದಕ್ಕನನ್ನು ಇಬ್ಬರು ಹಿಡಿದು ತಂದು ಮರದಡಿ ಕೂರಿಸಿದರು. ಯಜಮಾನ ಸೊಣ್ಣಪ್ಪ ಕಲ್ಲನ್ನು ತೊಡೆಯ ಮೇಲಿಟ್ಟುಕೊಂಡು, "ಹೊಟ್ಟೆ ತುಂಬಿತಾ ಕೇಳವ್ವ," ಅಂದ.

ಮಾದಕ್ಕ ಮರದ ಕಡೆಗೆ ಕಿವಿಗೊಟ್ಟಳು. "ಏನೂ ಕೇಳಿಸ್ತಿಲ್ಲ ಕಣಣ್ಣ."

ಮೂರು ಸಲ ಕೇಳಿದ. ಮೂರು ಸಲವೂ ಅದೇ ಮಾತು. ನನಗೆ ತಡೆಯಲಾಗಲಿಲ್ಲ. "ತುಂಬಿತಂತೆ ಅಂತ ಅಂದ್ಬುಡು ಮಾದಕ್ಕ," ಎಂದು ಕಿವಿಯಲ್ಲಿ ಹೇಳಿದೆ.

"ನನ್ ಮಗ್ಳ ಬಾಯಲ್ಲಿ ಸುಳ್ಳು ಹೇಳ್ಸಾದಾ ಭಾಗ್ಯ?" ಅಂದಳು.

ಸೊಣ್ಣಪ್ಪ ಕಲ್ಲನ್ನು ಹುಣಸೆ ಮರಕ್ಕೆ ಒರಗಿಸಿ, ಬರುವ ಕೊಯ್ಲಿಗೆ ನೋಡೋಣ ಎಂದು ಎದ್ದ. ಜನ ಊಟ ಮಾಡದೆ ಮನೆಗೆ ಹೋದರು.

ಅವತ್ತಿನಿಂದ ಮಾದಕ್ಕ ಕೂಲಿಗೂ ಹೋಗುತ್ತಿಲ್ಲ, ಅಳುತ್ತಲೂ ಇಲ್ಲ. ನಾನು ಹೋದಾಗಲೆಲ್ಲ ಒಂದೇ ಮಾತು ಕೇಳುತ್ತಾಳೆ: "ಹೊಟ್ಟೆಗಿಕ್ಲಿಲ್ಲ ಅಂತ ಮುನಿಸ್ಕೊಂಡು ಹೋಗ್ಬುಟ್ಳಾ ಭಾಗ್ಯ?" ಇದಕ್ಕೆ ಏನು ಹೇಳಬೇಕೆಂದು ನಿಮ್ಮ ಯಾವ ಕೈಪಿಡಿಯಲ್ಲಿದೆ? ಸುಷ್ಮಾ ಮೇಡಂಗೆ ಎಲ್ಲ ಹೇಳಿದೆ. ಕಣ್ಣೀರು ಹಾಕಿದರು. ನಮಗೆ ಯಾರೂ ಇದನ್ನು ಹೇಳಿಕೊಡಲಿಲ್ಲ ಅಕ್ಕ ಎಂದರು. ಈಗ ಅವರಿಗೆ ಸೂಳಗಿರಿ ಕಡೆಗೆ ವರ್ಗವಾಗಿದೆ. ಮಾತ್ರೆಯನ್ನು ಥಟ್ಟನೆ ನಿಲ್ಲಿಸಿದರೆ ಅಪಾಯವೆಂದು ನನಗೂ ಗೊತ್ತು, ತಮ್ಮನ ವಿಷಯದಲ್ಲಿ ಕಂಡಿದ್ದೇನೆ. ಡಾಕ್ಟರನ್ನು ಕೇಳಿದರೆ, ಸುಧಾರಣೆ ಇದೆಯಲ್ಲ, ಮುಂದುವರಿಸಿ ಎನ್ನುತ್ತಾರೆ. ನಾನು ಇನ್ನು ಯಾರನ್ನು ಕೇಳಲಿ?

ಕೇಳುವುದು ಇಷ್ಟೇ. ಮುಂದಿನ ತರಬೇತಿಯನ್ನು ಹಾಲ್‌ನಲ್ಲಿ ಮಾಡಬೇಡಿ. ಆ ಮರದಡಿ ಮಾಡಿ, ಸೊಣ್ಣಪ್ಪನಂಥವರು ಪಾಠ ಹೇಳಲಿ, ನಿಮ್ಮವರು ಬರೆದುಕೊಳ್ಳಲಿ. ರೂಢಿಯ ಆ ಒಂದು ಪ್ರಶ್ನೆಯನ್ನು ನಮೂನೆಗೆ ಸೇರಿಸಿ. ಅದಕ್ಕೂ ಮೊದಲು ಒಬ್ಬ ಡಾಕ್ಟರನ್ನು ದೊಡ್ಡಿಗೆ ಕಳಿಸಿ, ಮಾದಕ್ಕನ ಮಾತ್ರೆ ಬೇಕೋ ಬೇಡವೋ, ಹೇಗೆ ಇಳಿಸಬೇಕೋ ಅವಳೆದುರು ಕೂತು ತೀರ್ಮಾನಿಸಲಿ. ರಾಗಿ ಆಗಲೇ ತೆನೆ ಬಿಟ್ಟಿದೆ. ಕೊಯ್ಲಿಗೆ ಆರು ವಾರವೂ ಇಲ್ಲ.

ನಾಳೆ ಬೆಳಿಗ್ಗೆ ನಾನು ಬೆಟ್ಟ ಹತ್ತಬೇಕು. ಈ ತಿಂಗಳ ಪೊಟ್ಟಣ ಚೀಲದಲ್ಲಿದೆ. ನಿಮ್ಮ ಉತ್ತರ ಬರುವವರೆಗೆ ಕೊಡುತ್ತಲೇ ಇರುತ್ತೇನೆ, ಬೇರೆ ದಾರಿ ನನಗೆ ತಿಳಿಯದು.

ಇಂತಿ,
ಹೇಳಬೇಕಾದ ದಿನ ಬಾಯಿ ಮುಚ್ಚಿಕೊಂಡಿದ್ದ,
ಭಾಗ್ಯಲಕ್ಷ್ಮಿ