ಬುಟ್ಟಿ ಬಿಡೋ, ಅಮೆದೇ

ನೇಪಲ್ಸ್
14 ಅಕ್ಟೋಬರ್ 1969, ಮಂಗಳವಾರ

ಪ್ರಾಣಮಿತ್ರ ಬಿಯಾಜೊನಿಗೆ,

ನಿನ್ನ ಅಮೆದೆಯೊ ಟೋಪಿ ಕಳಚಿ, ನಡುಬಗ್ಗಿಸಿ ಮಾಡುವ ನಮಸ್ಕಾರ. ನೀನು ಪತ್ರದ ಮೇಲೆ ಪತ್ರ ಬರೆದರೂ ಬಾಯಿಬಿಡದ ಈ ಸೋಮಾರಿಯನ್ನು ಮನ್ನಿಸು. ಟ್ಯೂರಿನ್ನಿನ ಚಳಿಗೆ ನಿನ್ನ ಮಂಡಿ ಹೇಗಿದೆ? ನಾಟಕದ ರಂಗದ ಮುಂದಿನ ಗೂಡಿನಲ್ಲಿ ಕುಕ್ಕರಗಾಲಲ್ಲಿ ಕೂತು ವರ್ಷಗಟ್ಟಲೆ ನನಗೆ ಮರೆತ ಮಾತು ಎತ್ತಿಕೊಟ್ಟ ಮಂಡಿ ಅದು. ಅದರ ಅರ್ಧ ನೋವು ನನ್ನ ಮರೆವಿನ ಪಾಲು.

ನಾನೀಗ ವೊಮೆರೊ ಗುಡ್ಡದ ಮೇಲೆ, ಹೆಂಡತಿ ಎಲ್ವೀರಾಳ ತೌರಿನಲ್ಲಿ, ಮನೆ ಅಳಿಯ. ಇಲ್ಲಿ ಮೆಟ್ಟಿಲಿಗೂ ಮೇಣ ತಿಕ್ಕುತ್ತಾರೆ. ಜನ ಸೀನಿದರೂ ಕ್ಷಮೆ ಕೇಳುತ್ತಾರೆ.

ಶನಿವಾರ ಅಸ್ಸುಂತಕ್ಕ ಬಂದಳು. ನಮ್ಮ ಹಳೆಯ ಸಾನಿತಾ ಕೇರಿ ಬಿಟ್ಟು ಅವಳು ನನ್ನ ಮನೆಗೆ ಗುಡ್ಡ ಹತ್ತಿದ್ದು ಅದೇ ಮೊದಲು. ಬಾಗಿಲ ಗಂಟೆ ಒತ್ತುವ ಅಭ್ಯಾಸ ಅವಳಿಗೆಲ್ಲಿಯದು? ರಗೂ ಮಾಂಸದ ಸಾರಿನ ಪಾತ್ರೆಯನ್ನು ಸೊಂಟಕ್ಕಿಟ್ಟುಕೊಂಡು, ಅಂಗಳದ ನಡುವೆ ನಿಂತು, ಎಲ್ಲ ಮಹಡಿಗೂ ಕೇಳುವಂತೆ ಕೂಗಿದಳು: “ಲೋ ಅಮೆದೇ, ಬುಟ್ಟಿ ಬಿಡೋ. ಪಾತ್ರೆ ಬಿಸಿ ಇದೆ, ಸೊಂಟ ಸುಡ್ತಿದೆ.”

ನಮ್ಮ ಕೇರಿಯಲ್ಲಾಗಿದ್ದರೆ ಬಾಲ್ಕನಿ ಬಾಲ್ಕನಿಯಿಂದ ಹಗ್ಗ ಕಟ್ಟಿದ ಬುಟ್ಟಿಗಳು ಇಳಿಯುತ್ತಿದ್ದವು. ಇಲ್ಲಿ ಕಿಟಕಿಗಳು ತೆರೆದವು, ಅಷ್ಟೇ.

ನಾನು ಬಾಲ್ಕನಿಗೆ ಬಂದಾಗ ಪಕ್ಕದ ಬಾಲ್ಕನಿಯ ಜಡ್ಜಮ್ಮ ಕತ್ತು ಚಾಚಿದಳು. “ಯಾರ್ರೀ ಅದು? ನಿಮ್ಮ ಕಡೆಯವರಾ?”

ಬಿಯಾಜೊ, ರಾಜನಾಗಿ, ಕಡಲುಗಳ್ಳನಾಗಿ, ಗಲ್ಲಿಗೇರುವ ಖೈದಿಯಾಗಿ ಗುಡುಗಿದ ಗಂಟಲು ಇದು. ಬೇಕಿದ್ದದ್ದು ‘ನನ್ನ ಅಕ್ಕ’ ಎಂಬ ಎರಡೇ ಮಾತು. ಗೂಡಿನಲ್ಲಿ ನೀನಿರಲಿಲ್ಲ. ನಾನು ಪಿಸುಗುಟ್ಟಿದೆ: “ಬಟ್ಟೆ ಒಗೆಯೋಳು.”

ಆಮೇಲೆ ಓಡಿ ಇಳಿದು ಪಾತ್ರೆ ಇಸಿದುಕೊಂಡೆ, ಮೇಲೆ ಬಾ ಎಂದೆ. ಅವಳು ಮೆಟ್ಟಿಲ ಹೊಳಪನ್ನು ನೋಡಿ, ತನ್ನ ಚಪ್ಪಲಿಯನ್ನು ನೋಡಿಕೊಂಡು, ನಾಳೆ ನೀನೇ ಊಟಕ್ಕೆ ಬಾ ಎಂದು ಹೊರಟುಬಿಟ್ಟಳು. ಪಿಸುಮಾತು ತಾನೆ, ಅಷ್ಟು ಕೆಳಗೆ ಹೇಗೆ ಕೇಳೀತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಭಾನುವಾರ ಕೇರಿಗೆ ಇಳಿದೆ. ಮೀನಿನವನಿಗೆ, ಬಾಗಿಲಲ್ಲಿ ಕೂತು ಕೈಗವಸು ಹೊಲಿಯುವ ಹೆಂಗಸರಿಗೆ, ಪಾದ್ರಿಗೆ, ಅವಳು ನನ್ನ ಕೈ ಹಿಡಿದು ತೋರಿಸಿದ್ದೇ ತೋರಿಸಿದ್ದು. “ನನ್ನ ತಮ್ಮ ಕಣ್ರೇ. ಸಿಂಹದ ಹಂಗೆ ಗರ್ಜಿಸ್ತಿದ್ದ. ಗುಡ್ಡದ ಗಾಳಿಗೆ ಗಂಟಲು ಕಟ್ಟಿದೆ, ಪಾಪ.” ಕೇರಿ ನಕ್ಕಿತು, ನಾನೂ ನಕ್ಕೆ. ಮಾಂಸದ ದೊಡ್ಡ ತುಂಡು ನನ್ನ ತಟ್ಟೆಗೇ ಬಿತ್ತು.

ನಿನ್ನ ಮಕ್ಕಳು ಮೊಮ್ಮಕ್ಕಳು ತಣ್ಣಗಿರಲಿ. ಸಾನ್ ಜೆನ್ನಾರೊ ನಿನ್ನ ಮಂಡಿಯನ್ನು ಕಾಯಲಿ.

ನಿನ್ನ
ಅಮೆದೆಯೊ

ಅಂಚಿನಲ್ಲೊಂದು ಮಾತು: ಹೊರಟು ಬೀದಿಗೆ ಬಂದಾಗ ಅಕ್ಕ ಬಾಲ್ಕನಿಯಿಂದ ಬುಟ್ಟಿ ಇಳಿಸಿದಳು. ಮಿಕ್ಕ ಸಾರಿರಬೇಕೆಂದು ಬಗ್ಗಿ ನೋಡಿದೆ, ಬರಿದು. “ಒಗೆಯೋ ಬಟ್ಟೆ ಇದ್ರೆ ಹಾಕೋ, ಅಮೆದೇ,” ಎಂದಳು, ಮೆಲ್ಲಗೆ, ನನಗೊಬ್ಬನಿಗೇ ಕೇಳುವಂತೆ. ರಂಗದ ಪಿಸುಮಾತು ಗ್ಯಾಲರಿಯ ಕೊನೆಯ ಬೆಂಚಿಗೂ ಮುಟ್ಟಬೇಕೆಂದು ನನಗೆ ಗದರಿ ಕಲಿಸಿದವನು ನೀನು. ನನ್ನ ಪ್ರತಿ ಆಟಕ್ಕೂ ಆ ಬೆಂಚಿನಲ್ಲಿ ಕೂತವಳು ಅವಳು. ಬುಟ್ಟಿ ನನ್ನ ಎದೆಯ ಮುಂದೆ ತೂಗುತ್ತಲೇ ಇತ್ತು. ಮುಂದಿನ ಮಾತು ಯಾವುದೋ ಬಿಯಾಜೊ? ಎತ್ತಿಕೊಡೋ.